ತಿದಿಯ ಕೊಳವೆ

ಬೇಸಗೆಯ ಬಿಸಿಲು ಏರಿದಂತೆ ನಿಂಬೆಯ ಬೆಲೆಯೂ ಏರುವದು. ಇಂಡಿ, ಸಿಂದಗಿ, ಆಲಮೇಲಗಳ ಕಡೆಯ ತೋಟಿಗರಿಗೆ ಈ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ಭೀಮಾನದಿಯು ದೂರವಿಲ್ಲದಿದ್ದರೂ ನದಿಯ ನೀರು ಎಲ್ಲರ ಹೊಲಕ್ಕೂ ಹರಿಯುವದಿಲ್ಲ. ಕೊಳವೆಬಾವಿ ಬತ್ತಿದ ವರುಷ ಟ್ಯಾಂಕರಿನಿಂದ ನೀರನ್ನು ಕೊಂಡು, ಗಿಡದ ಬುಡಕ್ಕೆ ಎರೆದು, ಮರವನ್ನು ಉಳಿಸಿಕೊಳ್ಳುವ ಮನೆಗಳು ಅಲ್ಲಿ ಅನೇಕವಿರುವವು. ಹಾಗೆ ಸಾಲದ ನೀರನ್ನು ಕುಡಿದು ಹಣ್ಣಾದ ಕಾಯಿಯು ವಿಜಯಪುರದ ಪೇಟೆಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಹೊತ್ತು ಮೀರಿದರೆ ಮರದ ಮೇಲೆ ಪಟ್ಟ ಶ್ರಮವೆಲ್ಲ ದಾರಿಯ ಮೇಲೆ ನಷ್ಟವಾಗುವದು. ಆದುದರಿಂದ ಇಂದಿನ ದಿನದಲ್ಲಿ ತೋಟಿಗನ ಭಾಗ್ಯವು ಮಳೆಯಲ್ಲಿ ಅರ್ಧ, ಗಾಡಿಯ ಎಂಜಿನ್ನಿನಲ್ಲಿ ಅರ್ಧ ಇರುವದೆಂದರೆ ಅತಿಶಯೋಕ್ತಿಯಾಗಲಾರದು.

ಆಲಮೇಲದ ಒಬ್ಬ ಯುವಕನು ಇಂತಹ ಒಂದು ಪಿಕಪ್ ಗಾಡಿಯ ಒಡೆಯನು. ಹಳೆಯದನ್ನು ಕಂತಿನ ಮೇಲೆ ಕೊಂಡುದು. ಎರಡೂವರೆ ಲೀಟರಿನ ಡೀಸೆಲ್ ಎಂಜಿನ್ನು, ಅದಕ್ಕೆ ಟರ್ಬೊ. ತನ್ನ ತೋಟದ ನಿಂಬೆಯ ಜೊತೆಗೆ ನೆರೆಹೊರೆಯವರ ಚೀಲಗಳನ್ನೂ ಅವನು ಬಾಡಿಗೆಗೆ ಸಾಗಿಸುವನು. ಅವನ ಓಣಿಯಲ್ಲಿ ಗಂಡನನ್ನು ಕಳೆದುಕೊಂಡು ಎರಡು ಎಕರೆಯ ತೋಟವನ್ನು ತಾನೊಬ್ಬಳೇ ನೋಡಿಕೊಳ್ಳುವ ಹೆಣ್ಣುಮಗಳೊಬ್ಬಳುಂಟು. ಅವಳು ಲಿಲಾವಿಗೆ ಹೋಗುವದಿಲ್ಲ. ಯುವಕನು ಮಾರಿ ತಂದು ಕೊಟ್ಟ ಹಣವನ್ನು ಎಣಿಸದೆ ಸೆರಗಿನಲ್ಲಿ ಕಟ್ಟಿಕೊಳ್ಳುವಳು. ಆ ಎಣಿಸದಿರುವಿಕೆಯೇ ಅವನಿಗೆ ದೊರೆತ ದೊಡ್ಡ ಗೌರವವಾಗಿತ್ತು.

ಒಂದು ಚೈತ್ರದ ಮುಂಜಾವಿನಲ್ಲಿ ತುಂಬಿದ ಗಾಡಿಯು ಸಿಂದಗಿಯ ದಾರಿಯ ಒಂದು ಏರನ್ನು ಹತ್ತುತ್ತಿರುವಾಗ ಮುಂದುಗಡೆ ‘ಢಪ್ಪ’ನೆ ಸಪ್ಪಳವಾಯಿತು. ಎಂಜಿನ್ನು ನಿಲ್ಲಲಿಲ್ಲ, ಆದರೆ ಅದರ ಕಸುವೆಲ್ಲ ಒಮ್ಮೆಲೆ ಉಡುಗಿಹೋಯಿತು. ಹಿಂದೆ ನೋಡಿದರೆ ಕಾಡಿಗೆಯಂತಹ ಹೊಗೆ. ಮುಂದೆ ಕಿವಿಗೊಟ್ಟರೆ ಹಾವು ಬುಸುಗುಟ್ಟಿದಂತಹ ಗಾಳಿಯ ಶಬ್ದ. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರಿನ ಪೈಪು ಸೀಳಿ ಸಂದಿನಿಂದ ಕಳಚಿತ್ತು. ತಂತಿ ಸುತ್ತಿ, ಅರಿವೆ ಕಟ್ಟಿ, ಎತ್ತಿನ ನಡೆಯಲ್ಲಿ ಗಾಡಿಯನ್ನು ನಡೆಸಿ ಪೇಟೆಯನ್ನು ಮುಟ್ಟುವಷ್ಟರಲ್ಲಿ ಲಿಲಾವು ಮುಗಿದುಹೋಗಿತ್ತು. ಬಿಸಿಲಿಗೆ ಬಾಡಿದ ಕಾಯಿಯನ್ನು ಉಳಿದ ವ್ಯಾಪಾರಿಗಳು ಕೇಳಿದ ಬೆಲೆಗೆ ಕೊಡಬೇಕಾಯಿತು. ಸಂಜೆ ಆ ಹೆಣ್ಣುಮಗಳ ಬಾಗಿಲಲ್ಲಿ ನಿಂತಾಗ ನಡೆದುದನ್ನು ಹೇಳಲು ಅವನ ನಾಲಗೆ ಏಳಲಿಲ್ಲ. “ಪ್ಯಾಟಿ ಬಿದ್ದಿತ್ತು, ಅಕ್ಕಾ” ಎಂದನು. ಅವಳು ಎಂದಿನಂತೆ ಎಣಿಸದೆಯೇ ಗಂಟು ಕಟ್ಟಿಕೊಂಡಳು.

ಅವಮಾನವಾದ ಮನುಷ್ಯನು ಉಪಾಯವನ್ನು ಹುಡುಕುವಾಗ ದೊಡ್ಡ ಉಪಾಯವನ್ನೇ ಹುಡುಕುವನು. ಯುವಕನು ಮೊಬೈಲಿನಲ್ಲಿ ರಾತ್ರಿಯೆಲ್ಲ ನೋಡಿದನು. ಕನ್ನಡಿಯಂತೆ ಹೊಳೆಯುವ ಅಲ್ಯುಮಿನಿಯಮ್ಮಿನ ದಪ್ಪ ಪೈಪುಗಳು, ಅವನ್ನು ಜೋಡಿಸಲು ನೀಲಿ ಬಣ್ಣದ ಸಿಲಿಕೋನ್ ತುಂಡುಗಳು; ಮೇಲೆ ಡೀಸೆಲ್ಲನ್ನು ಹೆಚ್ಚಾಗಿ ಹರಿಯಿಸುವ ಒಂದು ಪುಟ್ಟ ಪೆಟ್ಟಿಗೆ. ಇವನ್ನು ಹಾಕಿದ ಗಾಡಿಯು ಆನೆಯಾಗುವದೆಂದು ಎಲ್ಲರೂ ಸಾರುತ್ತಿದ್ದರು. ಮುಂದಿನ ಕಂತಿಗೆಂದು ಇಟ್ಟ ಹಣವನ್ನು ಕಿಸೆಯಲ್ಲಿಟ್ಟುಕೊಂಡು ಅವನು ಬೆಳಗಾಗುತ್ತಲೆ ಮಿಸ್ತ್ರಿಯ ಕಡೆಗೆ ನಡೆದನು.

ಆ ಮಿಸ್ತ್ರಿಯು ಕಮ್ಮಾರರ ಮನೆಯವನು. ಈಗ ಅವನ ಗ್ಯಾರೇಜಿರುವ ತಾಣದಲ್ಲಿಯೇ ಅವನ ಅಜ್ಜನ ಕುಲುಮೆಯಿತ್ತು. ಎಳವೆಯಲ್ಲಿ ಅವನಿಗೆ ದೊರೆತ ಮೊದಲ ಕೆಲಸವು ತಿದಿಯೊತ್ತುವದು. ತೊಗಲಿನ ತಿದಿಯು ಸೀಳಿದರೆ ಎಷ್ಟು ಒತ್ತಿದರೂ ಇದ್ದಿಲು ಕೆಂಪಾಗದೆಂಬುದನ್ನೂ, ಕೊಳವೆಯು ತಿದಿಗೆ ಕೂಡುವಲ್ಲಿ ಮಣ್ಣಿನ ಮೆತ್ತಿಗೆಯು ಬಿರಿದರೆ ಅಜ್ಜನು ಮೊದಲು ಅದನ್ನೇ ಮೆತ್ತುತ್ತಿದ್ದನೆಂಬುದನ್ನೂ ಅವನು ಮರೆತಿರಲಿಲ್ಲ. ಯುವಕನ ಮಾತನ್ನೆಲ್ಲ ಕೇಳಿ ಅವನು ಬಾನೆಟ್ಟನ್ನು ಎತ್ತಿದನು, ಮುರಿದ ಪೈಪನ್ನು ಹೊರಳಿಸಿ ನೋಡಿದನು, ಬಳಿಕ ಇಷ್ಟೇ ಅಂದನು: “ತಮ್ಮಾ, ಉಸಿರು ಹಾಯೂ ದಾರಿ ಸಣ್ಣದಾಗಿಲ್ಲ, ದಾರ್ಯಾಗ ತೂತ ಬಿದ್ದೈತಿ. ತೂತ ಮುಚ್ಚೂದು ಬಿಟ್ಟು ದಾರಿ ಅಗಲ ಮಾಡಾಕ ಹೊಂಟೀಯಲ್ಲ!”

ಈ ಮಾತಿನ ತಥ್ಯವನ್ನು ತಿಳಿಯಬೇಕಾದರೆ ಟರ್ಬೊದ ಮರ್ಮವನ್ನು ಸ್ವಲ್ಪ ಅರಿಯುವದು ಅವಶ್ಯವು. ಎಂಜಿನ್ನೆಂಬುದು ಉಚ್ಛ್ವಾಸ ನಿಶ್ವಾಸಗಳಿಂದ ಬದುಕುವ ಯಂತ್ರವು. ಅದು ಹೊರಗೆ ಬಿಡುವ ಹೊಗೆಯಲ್ಲಿ ಇನ್ನೂ ಬಿಸಿಯೂ ವೇಗವೂ ಉಳಿದಿರುವವು. ವ್ಯರ್ಥವಾಗಿ ಹೋಗುವ ಈ ಶಕ್ತಿಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಒಳಕ್ಕೆ ಅದುಮುವ ಯುಕ್ತಿಗೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರನು 1905ರಲ್ಲಿ ಹಕ್ಕುಪತ್ರವನ್ನು ಪಡೆದನು. ಬಿಟ್ಟ ಉಸಿರೇ ಹೊಸ ಉಸಿರನ್ನು ತರುವ ಈ ತಿದಿಯ ಚಕ್ರಗಳು ಚಿಕ್ಕ ಗಾಡಿಗಳಲ್ಲಿ ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗುವವು.

ಆದರೆ ಅದುಮಿದ ಗಾಳಿಯು ಕಾಯುವದು. ಸೈಕಲ್ಲಿಗೆ ಗಾಳಿ ಹಾಕುವಾಗ ಪಂಪಿನ ಬುಡವು ಬಿಸಿಯಾಗುವದನ್ನು ಹುಡುಗರೂ ಬಲ್ಲರು. ನಮ್ಮ ಕಡೆಯ ಬೇಸಗೆಯ 40 ಡಿಗ್ರಿಯ ಗಾಳಿಯನ್ನು ಟರ್ಬೊ ಎರಡು ಪಟ್ಟು ಒತ್ತಡಕ್ಕೆ ತಂದರೆ ಅದರ ಉಷ್ಣತೆಯು 130 ಡಿಗ್ರಿಯನ್ನು ಸಹಜವಾಗಿ ದಾಟುವದು. ಕಾದ ಗಾಳಿಯು ಹಿಗ್ಗಿ ತೆಳುವಾಗುವದರಿಂದ ಅದುಮಿದ ಲಾಭದಲ್ಲಿ ಒಂದು ಪಾಲು ಅಲ್ಲಿಯೇ ನಷ್ಟವಾಗುವದು. ಈ ನಷ್ಟವನ್ನು ತುಂಬಿಕೊಡುವದೇ ಇಂಟರ್‌ಕೂಲರು. ತೆಳ್ಳನೆಯ ಲೋಹದ ನಾಳಗಳ ಒಳಗೆ ಕಾದ ಗಾಳಿ, ಹೊರಗೆ ಬೀಸುವ ಗಾಳಿ. ಅದರಲ್ಲಿ ಹಾಯ್ದು 65 ಡಿಗ್ರಿಗೆ ಇಳಿದರೆ ಅದೇ ಒತ್ತಡದಲ್ಲಿ ಸುಮಾರು ಐದರಲ್ಲೊಂದು ಪಾಲು ಹೆಚ್ಚು ಗಾಳಿಯು ಎಂಜಿನ್ನಿನೊಳಗೆ ಸೇರುವದು. ಟರ್ಬೊದಿಂದ ಇಂಟರ್‌ಕೂಲರಿಗೂ, ಅಲ್ಲಿಂದ ಎಂಜಿನ್ನಿಗೂ ಈ ಗಾಳಿಯನ್ನು ಒಯ್ಯುವವೇ ಪ್ರಸ್ತುತವಾದ ಪೈಪುಗಳು. ಅವುಗಳಲ್ಲಿ ಬಿರುಕು ಬಿದ್ದರೆ ಡೀಸೆಲ್ಲಿಗೆ ಸಾಕಾದಷ್ಟು ಗಾಳಿಯು ದೊರೆಯದೆ ಅದು ಅರೆಬೆಂದು ಕರಿಹೊಗೆಯಾಗುವದು. ಯುವಕನ ಗಾಡಿಯಲ್ಲಿ ಆದುದು ಇದೇ.

ಹಾಗಾದರೆ ಪೈಪನ್ನು ದಪ್ಪ ಮಾಡಿದರೆ ಗಾಳಿಯು ಹೆಚ್ಚು ಹೋಗದೆ? ಲೆಕ್ಕವನ್ನು ಮಾಡಿ ನೋಡುವಾ. ಎರಡೂವರೆ ಲೀಟರಿನ ಎಂಜಿನ್ನು ಎರಡು ಸುತ್ತಿಗೆ ಒಮ್ಮೆ ಉಸಿರನ್ನು ತುಂಬಿಕೊಳ್ಳುವದು. ನಿಮಿಷಕ್ಕೆ 2000 ಸುತ್ತಿನ ಓಟದಲ್ಲಿ ಸೆಕೆಂಡಿಗೆ ಬೇಕಾಗುವದು 42 ಲೀಟರಿನಷ್ಟು. 50 ಮಿಲಿಮೀಟರ್ ಒಳಬಾಯಿಯ ಪೈಪಿನಲ್ಲಿ ಅದು ಸೆಕೆಂಡಿಗೆ 21 ಮೀಟರಿನ ನಡೆಯಲ್ಲಿ ಹೋಗುವದು. ಗಾಳಿಗೆ ಇದೊಂದು ದೊಡ್ಡ ಇಕ್ಕಟ್ಟಲ್ಲ. ಬಾಯಿಯನ್ನು 65 ಮಿಲಿಮೀಟರಿಗೆ ಏರಿಸಿದರೆ, ಬೇರೇನನ್ನೂ ಬದಲಿಸದ ಗಾಡಿಯಲ್ಲಿ, ಏರು ಹತ್ತುವವನ ಕಾಲಿಗೆ ತಿಳಿಯುವಂತಹ ಲಾಭವು ದೊರೆಯದು. ದಪ್ಪ ಪೈಪು ತುಂಬಲು ಹೊತ್ತು ಹಿಡಿದು ಗಾಡಿಯು ಮಂದವಾಗುವದೆಂದು ಕೆಲವರು ಹೆದರಿಸುವರು, ಅದೂ ಉತ್ಪ್ರೇಕ್ಷೆಯೇ. ಒಂದು ಮೀಟರ್ ಉದ್ದಕ್ಕೆ ಹೆಚ್ಚಾಗುವದು ಒಂದು ಲೀಟರಿಗಿಂತ ತುಸು ಮಿಕ್ಕಿದ ಅವಕಾಶ ಮಾತ್ರ. ಎಂಜಿನ್ನಿಗೆ ಅದು ಕ್ಷಣಾರ್ಧದ ಉಸಿರು.

ಆದರೆ ಇನ್ನೊಂದು ಲೆಕ್ಕವನ್ನು ಮಾರುವವರಾರೂ ಹೇಳುವದಿಲ್ಲ. ವಾತಾವರಣದ ಮೇಲೆ ಮತ್ತೊಂದು ವಾತಾವರಣದಷ್ಟು ಒತ್ತಡವಿದ್ದಾಗ 50 ಮಿಲಿಮೀಟರಿನ ಬಾಯಿಯನ್ನು ಗಾಳಿಯು ಸುಮಾರು 20 ಕಿಲೋ ತೂಕದಷ್ಟು ಬಲದಿಂದ ಕಳಚಲು ನೂಕುತ್ತಿರುವದು. ಬಾಯಿಯು 65 ಮಿಲಿಮೀಟರ್ ಆದರೆ ಆ ಬಲವು 34 ಕಿಲೋಗೆ ಏರುವದು. ಅಂದರೆ ಯಾವ ಸಂದು ಮೊದಲೇ ಸೋತಿತ್ತೋ ಅದರ ಹೊರೆಯನ್ನೇ ದಪ್ಪ ಪೈಪು ಹೆಚ್ಚಿಸುವದು!

ಮಿಸ್ತ್ರಿಯು ಈ ಅಂಕಿಗಳನ್ನು ಹೇಳಲಿಲ್ಲ, ಬೆರಳಿನಿಂದ ತೋರಿಸಿದನು. ರಬ್ಬರಿನ ಒಳಮೈಯು ಜಿಗುಟಾಗಿ ಉಬ್ಬಿತ್ತು. ಎಂಜಿನ್ನಿನ ಹೊಟ್ಟೆಯಿಂದೇಳುವ ಎಣ್ಣೆಯ ಆವಿಯು ಟರ್ಬೊದ ದಾರಿಯಲ್ಲಿ ಸೇರಿ ವರ್ಷಗಟ್ಟಲೆ ಅದನ್ನು ನೆನೆಯಿಸಿತ್ತು. ಕ್ಲಿಪ್ಪು ಒಂದು ಕಡೆಗೆ ಕಚ್ಚಿ ಇನ್ನೊಂದು ಕಡೆಗೆ ಸಡಿಲಾಗಿತ್ತು. ಎಲ್ಲಕ್ಕೂ ಮೂಲವಾಗಿ, ಎಂಜಿನ್ನನ್ನು ಹೊತ್ತ ರಬ್ಬರಿನ ಮೌಂಟು ಕುಸಿದಿತ್ತು. ಇಂಟರ್‌ಕೂಲರು ಗಾಡಿಯ ಮೈಗೆ ಬಿಗಿದುದು, ಅಲುಗದು. ಎಂಜಿನ್ನು ಮೌಂಟಿನ ಮೇಲೆ ಕುಳಿತುದು, ಏರಿನಲ್ಲಿ ಹೊರಳುವದು. ಇವೆರಡರ ನಡುವೆ ಎಳೆದಾಟವನ್ನು ಸಹಿಸಬೇಕಾದುದು ಬಡ ಪೈಪು. ಆರಂಭದಿಂದ ಕೊನೆಯವರೆಗೆ ಗಡುಸಾದ ಲೋಹವನ್ನೇ ಹಾಕಿದರೆ ಅದು ಬಾಗದೆ ಇಂಟರ್‌ಕೂಲರಿನ ಕೊರಳನ್ನೇ ಮುರಿಯಬಹುದು.

ಪೈಪನ್ನು ಉತ್ತಮಗೊಳಿಸಲೇ ಬಾರದೆಂದು ಇದರ ಅರ್ಥವಲ್ಲ. ಉತ್ತಮಿಕೆಯು ಎಲ್ಲಿ ಸಲ್ಲುವದೋ ಅಲ್ಲಿ ಮಾಡುವದು ವಿವೇಕವು. ಸಿಲಿಕೋನಿನ ಪೈಪು ಬಿಸಿಯನ್ನು ರಬ್ಬರಿಗಿಂತ ಚೆನ್ನಾಗಿ ತಾಳುವದು. ಆದರೆ ಬರಿಯ ಸಿಲಿಕೋನು ಎಣ್ಣೆಗೆ ಮೆತ್ತಗಾಗುವದು. ಒಳಗೆ ಫ್ಲೋರೊಸಿಲಿಕೋನಿನ ಲೇಪವೂ, ನಡುವೆ ನೂಲಿನ ಬಟ್ಟೆಯ ಹಲವು ಪದರುಗಳೂ ಇದ್ದರೆ ಅದು ಬಾಳುವದು. ಲೋಹದ ಪೈಪಿನ ತುದಿಗೆ ಉಬ್ಬಿದ ಅಂಚಿರಬೇಕು; ಇಲ್ಲದಿದ್ದರೆ ಕ್ಲಿಪ್ಪು ಎಷ್ಟೇ ಬಿಗಿದರೂ ಜಾರುವದು. ಸುತ್ತಲೂ ಸಮನಾಗಿ ಹಿಡಿಯುವ ಟಿ-ಬೋಲ್ಟಿನ ಕ್ಲಾಂಪು ಹಲ್ಲಿನ ಕ್ಲಿಪ್ಪಿಗಿಂತ ಮೇಲು.

ಡೀಸೆಲ್ಲನ್ನು ಹೆಚ್ಚಿಸುವ ಪೆಟ್ಟಿಗೆಯ ಮಾತು ಬಂದಾಗ ಮಿಸ್ತ್ರಿಯು ತಲೆಯಾಡಿಸಿದನು. ಗಾಳಿಯ ಪ್ರಮಾಣವನ್ನು ಮೀರಿ ಇಂಧನವನ್ನು ಉಣಿಸಿದರೆ ಹೊಗೆಯೂ ಕಾವೂ ಏರಿ ಪಿಸ್ಟನ್ನಿಗೂ ಟರ್ಬೊಗೂ ಕೇಡು. ಶಾಸನವೂ ಇದಕ್ಕೆ ಅಡ್ಡವುಂಟು. ತಯಾರಕನು ಮೊದಲು ನಿಗದಿಗೊಳಿಸಿದ, ನೋಂದಣಿಪತ್ರದಲ್ಲಿ ಸೇರಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲಾಗದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಹೇಳುವದು. ಸೋತ ಪೈಪನ್ನು ಅದೇ ಅಳತೆಯ ಗಟ್ಟಿ ಪೈಪಿನಿಂದ ಬದಲಿಸುವದು ದುರಸ್ತಿ. ಎಂಜಿನ್ನಿನ ಸ್ವಭಾವವನ್ನೇ ಬದಲಿಸುವದು ಬೇರೆ ಮಾತು. 2020ರ ಏಪ್ರಿಲಿನಿಂದ ಬಂದ ಬಿ.ಎಸ್. 6 ಗಾಡಿಗಳಲ್ಲಂತೂ ಒತ್ತಡವನ್ನೂ ಉಷ್ಣತೆಯನ್ನೂ ಅಳೆಯುವ ಸೆನ್ಸಾರುಗಳು ಕಾವಲಿರುವವು. ಲೆಕ್ಕ ತಪ್ಪಿದರೆ ಎದುರಿಗೆ ದೀಪವು ಹತ್ತಿ ಎಂಜಿನ್ನು ತಾನಾಗಿಯೇ ಬಲವನ್ನು ತಗ್ಗಿಸಿಕೊಳ್ಳಬಹುದು.

ಯುವಕನು ತುಸು ಹೊತ್ತು ಮೌನವಾಗಿದ್ದು “ನೀ ಹೇಳಿದಂಗ ಆಗಲಿ, ಕಾಕಾ” ಎಂದನು. ಅದೇ ಅಳತೆಯ, ಒಳಲೇಪವುಳ್ಳ ಎರಡು ಪೈಪುಗಳು, ನಾಲ್ಕು ಕ್ಲಾಂಪುಗಳು, ಒಂದು ಜೊತೆ ಮೌಂಟುಗಳು ಬಂದವು. ಮಿಸ್ತ್ರಿಯು ಕೊರಳುಗಳ ಎಣ್ಣೆಯ ಜಿಡ್ಡನ್ನು ಒರಸಿ ಒಣಗಿಸಿ ಪೈಪುಗಳನ್ನು ಕೂಡಿಸಿದನು. ಬಳಿಕ ಟರ್ಬೊದ ಬಾಯಿಗೆ ಮುಚ್ಚಳವನ್ನಿಟ್ಟು, ಪಂಕ್ಚರ್ ಅಂಗಡಿಯ ಗಾಳಿಯನ್ನು ಒಂದು ಬಾರ್ ಮೀರದ ಹಾಗೆ ಮೆಲ್ಲಗೆ ಬಿಟ್ಟು, ಸಂದು ಸಂದಿಗೂ ಸಾಬೂನಿನ ನೀರನ್ನು ಸವರಿದನು. ಮೂರು ಸಂದುಗಳು ಸುಮ್ಮನಿದ್ದವು. ನಾಲ್ಕನೆಯದರಲ್ಲಿ ಸಾಸಿವೆಯಷ್ಟು ಒಂದು ಗುಳ್ಳೆಯು ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಕಣ್ಣಿಗೆ ಕಾಣುವಂತಹ ಬಿರುಕೇನೂ ಅಲ್ಲಿರಲಿಲ್ಲ. “ಇದನ್ನ ಹಂಗ ಬಿಟ್ಟರ ಇವತ್ತ ಏನೂ ಆಗೂದಿಲ್ಲ” ಎಂದು ಮಿಸ್ತ್ರಿಯು ಕ್ಲಾಂಪನ್ನು ಬಿಚ್ಚಿ, ಪೈಪನ್ನು ಅರ್ಧ ಅಂಗುಲ ಒಳಕ್ಕೆ ಸೇರಿಸಿ, ಮರಳಿ ಬಿಗಿದನು. ಗುಳ್ಳೆಯು ಏಳಲಿಲ್ಲ.

ಯುವಕನು ಆ ಸಂದನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದನು.

ಹೊಳೆಯುವ ಪೈಪಿಗೂ ಪೆಟ್ಟಿಗೆಗೂ ಆಗಬೇಕಾಗಿದ್ದ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಹಣವು ಅವನ ಕಿಸೆಯಲ್ಲಿ ಉಳಿದಿತ್ತು. ಕಂತಿನ ದಿನಕ್ಕೆ ಇನ್ನೂ ಅವಕಾಶವಿತ್ತು. ಸಂಜೆ ಅವನು ಮನೆಗೆ ಹೋಗಲಿಲ್ಲ; ಓಣಿಯ ಆ ಬಾಗಿಲಿಗೆ ಹೋದನು. ಪೇಟೆ ಬಿದ್ದಿರಲಿಲ್ಲವೆಂದೂ, ಗಾಡಿಯು ದಾರಿಯಲ್ಲಿ ನಿಂತು ತಡವಾಯಿತೆಂದೂ, ಅಂದಿನ ಲಿಲಾವಿನಲ್ಲಿ ಸಾವಿರ ಕಾಯಿಗೆ ಬಂದ ಬೆಲೆ ಇಷ್ಟೆಂದೂ, ತಾನು ತಂದುಕೊಟ್ಟುದು ಇಷ್ಟೆಂದೂ ಹೇಳಿ, ನಡುವಿನ ವ್ಯತ್ಯಾಸವನ್ನು ಕಟ್ಟೆಯ ಮೇಲೆ ಇಟ್ಟನು.

ಆ ಹೆಣ್ಣುಮಗಳು ಅವನ ಮುಖವನ್ನೊಮ್ಮೆ, ಹಣವನ್ನೊಮ್ಮೆ ನೋಡಿದಳು. ಈ ಸಲ ಅವಳು ಕುಳಿತು, ಒಂದೊಂದೇ ನೋಟನ್ನು ಎಣಿಸಿದಳು. ಅವನು ನಿಂತೇ ಇದ್ದನು. ಎಣಿಸಿ ಮುಗಿದ ಮೇಲೆ ಸೆರಗಿಗೆ ಗಂಟು ಹಾಕುತ್ತ ಕೇಳಿದಳು: “ನಾಡದ ಮುಂಜಾನೆ ನಾಕ ಚೀಲ ಅದಾವ. ಗಾಡಿ ಬರತೈತೇನು, ತಮ್ಮಾ?”