ಶಿಸ್ತ್ ಲೋ!

ಮೂರನೇ ನಂಬರ್ ಟಾರ್ಗೆಟ್ಟಿನಲ್ಲಿ ಎಂಟು ತೂತು ಇದ್ದವು. ಒಬ್ಬೊಬ್ಬರಿಗೆ ಕೊಟ್ಟಿದ್ದು ಐದೇ ಗುಂಡು. ಪಕ್ಕದ ಎರಡನೇ ನಂಬರ್ ಟಾರ್ಗೆಟ್ ಮಾತ್ರ ಅಂಗಡಿಯಿಂದ ತಂದ ಹಾಗೇ ಇತ್ತು, ಒಂದು ಗೀರೂ ಇಲ್ಲ. ಎನ್‌ಸಿಸಿ ಕ್ಯಾಂಪಿನಲ್ಲಿ ನಮ್ಮ ಮೊದಲ ಫೈರಿಂಗ್ ಕ್ಲಾಸ್ ಮುಗಿದದ್ದು ಹೀಗೆ. ಆಮೇಲೆ ನಡೆದದ್ದನ್ನು ಬರೆಯೋದು ಬೇಡ ಅಂತ ನಮ್ಮಲ್ಲೇ ಎರಡು ವೋಟು ಬಿದ್ದಿತ್ತು. ಆದರೂ ಬರೀತಿದ್ದೀವಿ.

ನಾವು ನಾಲ್ಕು ಜನ. ಹೊಸಪೇಟೆಯವನು ಒಬ್ಬ, ಕಂಪ್ಲಿಯವನು ಒಬ್ಬ, ಹಂಪಿ ಪಕ್ಕದ ಕಮಲಾಪುರದವನು ಒಬ್ಬ, ಸಂಡೂರಿನವಳು ಒಬ್ಬಳು. ಕಾಲೇಜಲ್ಲಿ ಬೇರೆ ಬೇರೆ ಬ್ರಾಂಚು. ಪರೇಡಿನ ದಿನ ಮಾತ್ರ ಒಂದೇ ಲೈನು. ದಸರಾಕ್ಕೆ ಮುಂಚೆ ಹತ್ತು ದಿನದ ಕ್ಯಾಂಪ್ ಹೊಸಪೇಟೆ ಹತ್ರಾನೇ ಅಂದಾಗ ನಮಗೆ ಖುಷಿಯೋ ಖುಷಿ. ಡ್ರಿಲ್ಲು, ಬೆಳಗಿನ ಐದು ಗಂಟೆಯ ವಿಷಲ್ಲು, ಸಾಲಿನಲ್ಲಿ ನಿಂತು ಪ್ಲೇಟು ತೊಳೆಯೋದು, ಇದನ್ನೆಲ್ಲ ಸಹಿಸಿಕೊಳ್ಳೋದೇ ಫೈರಿಂಗ್ ಸಲುವಾಗಿ. ಎಲ್ಲರೂ ಮೊಬೈಲಲ್ಲಿ ಪಬ್‌ಜಿ ಆಡಿ ಬೆಳೆದವರು ಬೇರೆ. ರೈಫಲ್ ಅಂದ್ರೆ ನಮಗೆ ಗೊತ್ತಿಲ್ಲದ್ದೇನಿದೆ ಅನ್ನೋ ಭಾವನೆ.

ಫೈರಿಂಗಿಗೆ ಮುಂಚೆ ಬೇವಿನ ಮರದ ಕೆಳಗೆ ನಲವತ್ತು ನಿಮಿಷ ಪಾಠ. ಕಲಿಸಿದ ಹವಾಲ್ದಾರರನ್ನು ಎಲ್ಲರೂ ಉಸ್ತಾದ್ ಅಂತಾರೆ. ಪಾಠ ಪೂರ್ತಿ ಹಿಂದಿಯಲ್ಲಿ. ಕನ್ನಡದಲ್ಲಿ ಅವರಿಗೆ ಬರೋದು 'ಬೇಗ ಬೇಗ' ಮತ್ತು 'ಸುಮ್ಮನಿರು' ಎರಡೇ. ಒಳ್ಳೆ ಗುಂಡಿಗೆ ನಾಲ್ಕು ಮಾತು ಅಂದರು: ಮಲಗಿದ ಭಂಗಿ, ಹಿಡಿತ ಎರಡೂ ರೈಫಲ್ಲಿನ ಭಾರ ಹೊರೋವಷ್ಟು ಗಟ್ಟಿ ಇರಬೇಕು, ಜೋರು ಮಾಡದೆ ರೈಫಲ್ ತಾನಾಗೇ ಟಾರ್ಗೆಟ್ ಕಡೆ ಮುಖ ಮಾಡಿರಬೇಕು, ಗುರಿ ಸರಿ ಇರಬೇಕು, ಗುಂಡು ಹೋಗುವಾಗಲೂ ಹೋದ ಮೇಲೂ ಭಂಗಿ ಅಲುಗಬಾರದು. ನಾವು ತಲೆ ಆಡಿಸಿದೆವು. ಸೆಮಿಸ್ಟರ್ ಪೂರ್ತಿ ಹಾಗೆ ತಲೆ ಆಡಿಸಿ ಅಭ್ಯಾಸ ಇದೆಯಲ್ಲ.

ಆಮೇಲೆ ಉಸ್ತಾದ್ 'ಶಿಸ್ತ್ ಲೋ' ಅಂದರು. ನಾವು ನಾಲ್ವರೂ ಒಟ್ಟಿಗೆ ಬೆನ್ನು ನೆಟ್ಟಗೆ ಮಾಡಿ ಕೂತೆವು. ಶಿಸ್ತು ಅಂದ್ರೆ ಡಿಸಿಪ್ಲಿನ್ ತಾನೆ? ಉಸ್ತಾದ್ ನಮ್ಮನ್ನೇ ನೋಡಿದರು, ನಾವು ಇನ್ನಷ್ಟು ನೆಟ್ಟಗಾದೆವು. ಅವರ ಹಿಂದಿಯಲ್ಲಿ ಶಿಸ್ತ್ ಅಂದ್ರೆ ಗುರಿ, 'ಶಿಸ್ತ್ ಲೋ' ಅಂದ್ರೆ ಗುರಿ ಇಡು ಅಂತ ಪಕ್ಕದ ಕಾಲೇಜಿನ ಸೀನಿಯರ್ ಕಿವಿಯಲ್ಲಿ ಹೇಳಿದ ಮೇಲೆ ಬಗ್ಗಿದೆವು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಕನ್ನಡ ಅರ್ಧ, ಹಿಂದಿ ಕಾಲು ಇಟ್ಟುಕೊಂಡವರ ಪಾಡು ಇಷ್ಟೇ.

ರೇಂಜಿನಲ್ಲಿ ಕೆಂಪು ಬಾವುಟ, ಎದುರಿಗೆ ಮಣ್ಣಿನ ದಿಬ್ಬ, ಅದರ ಮುಂದೆ 25 ಮೀಟರ್ ದೂರದಲ್ಲಿ ಟಾರ್ಗೆಟ್ಟುಗಳು. ರೈಫಲ್ .22. ಒಂದನೇ ಜಾಗ ಕಮಲಾಪುರದವನಿಗೆ, ಎರಡು ಹೊಸಪೇಟೆಯವನಿಗೆ, ಮೂರು ಸಂಡೂರಿನವಳಿಗೆ, ನಾಲ್ಕು ಕಂಪ್ಲಿಯವನಿಗೆ. ಮಲಗಿದ ಕೂಡಲೇ ಪಬ್‌ಜಿ ಮರೆತುಹೋಯ್ತು. ಮೊಣಕೈ ಕೆಳಗೆ ಕಲ್ಲು ಚುಚ್ಚುತ್ತಿದೆ, ಬಟ್ಟು ಭುಜದಲ್ಲಿ ಕೂರುತ್ತಿಲ್ಲ, ಟೋಪಿ ಕಣ್ಣಿಗೆ ಬರ್ತಿದೆ, ಬೆವರು ರೆಪ್ಪೆ ಮೇಲೆ ಇಳೀತಿದೆ. ಹಿಂದಿನ ಸೈಟಿನ ಕಿಂಡಿಯಲ್ಲಿ ಕಣ್ಣಿಟ್ಟರೆ ಮುಂದಿನ ಸೈಟಿನ ತುದಿ ಉಸಿರಿನ ಜೊತೆ ಮೇಲೆ ಕೆಳಗೆ ತೇಲ್ತಾ ಇದೆ. ಟಾರ್ಗೆಟ್ ನೋಡಿದರೆ ತುದಿ ಮಸುಕು, ತುದಿ ನೋಡಿದರೆ ಟಾರ್ಗೆಟ್ ಮಸುಕು. ಪಕ್ಕದ ರೈಫಲ್ 'ಟಪ್' ಅಂದ ಕೂಡಲೇ ನಮ್ಮ ಬೆರಳೂ ಹೆದರಿ ಟ್ರಿಗರ್ ಎಳೆದುಬಿಡುತ್ತಿತ್ತು. ಸಂಡೂರಿನವಳೊಬ್ಬಳೇ ಬೆಚ್ಚಲಿಲ್ಲ. ಅವರ ಊರ ಕಡೆ ಗಣಿಯಲ್ಲಿ ಬ್ಲಾಸ್ಟಿಂಗ್ ಆದರೆ ಅಡುಗೆಮನೆ ಪಾತ್ರೆ ಗಲಗಲ ಅಂತಾವಂತೆ. 'ಇದೇನ್ ಸೌಂಡಪ, ಸಣ್ಣ ಪಟಾಕಿ ಇದ್ದಂಗೈತೆ' ಅಂದಳು.

ಇಪ್ಪತ್ತು ಗುಂಡು ಮುಗಿಯಲು ಐದು ನಿಮಿಷವೂ ಆಗಲಿಲ್ಲ. ಲೆಕ್ಕ ಹೀಗಿತ್ತು: ಒಂದನೇ ಟಾರ್ಗೆಟ್ಟಿನಲ್ಲಿ ಮೂರು ತೂತು, ಮೂರೂ ಮೂರು ದಿಕ್ಕಿಗೆ. ಎರಡರಲ್ಲಿ ಸೊನ್ನೆ. ಮೂರರಲ್ಲಿ ಎಂಟು. ನಾಲ್ಕರಲ್ಲಿ ಎರಡು. ಉಳಿದ ಏಳು ಗುಂಡು ಮಣ್ಣಿನ ದಿಬ್ಬಕ್ಕೆ. ಮೂರನೇ ಟಾರ್ಗೆಟ್ಟಿನ ಎಂಟರಲ್ಲಿ ಮೂರು ನಡುಮಧ್ಯದ ಹತ್ರ ಅಲ್ಲೊಂದು ಇಲ್ಲೊಂದು. ಐದು ಮಾತ್ರ ಕೆಳಗೆ ಎಡಮೂಲೆಯಲ್ಲಿ, ಒಂದರ ಪಕ್ಕ ಒಂದು, ಬಾಟಲಿ ಮುಚ್ಚಳ ಇಟ್ಟರೆ ಮುಚ್ಚಿಹೋಗೋ ಹಾಗೆ.

ಉಸ್ತಾದ್ ಆ ಹಾಳೆ ಎತ್ತಿಹಿಡಿದು, ಮಧ್ಯದ ಮೂರು ಯಾರದ್ದು ಅಂತ ಕೇಳಿದರು.

ಗಂಡುಹುಡುಗರ ಮೂರು ಕೈ ಮೇಲೆದ್ದವು. ಮೂರೂ ನಮ್ಮವೇ. ಎರಡನೇ ಜಾಗದವನ ಹಾಳೆ ಖಾಲಿ, ಆದ್ದರಿಂದ ಅವನಿಗೆ ಅವು ತನ್ನವೇ ಆಗಬೇಕಿತ್ತು. ನಾಲ್ಕನೇ ಜಾಗದವನದ್ದು ಎರಡು ಇಲ್ಲಿದ್ದವು, ಇನ್ನು ಮೂರು ಎಲ್ಲೋ ಇರಲೇಬೇಕಲ್ಲ. ಮೊದಲನೆಯವನು ಅದರಲ್ಲಿ ಎರಡಾದರೂ ನನ್ನವು ಅಂದ, ಎರಡು ಟಾರ್ಗೆಟ್ ದಾಟಿ ಹೋಗಿವೆ ಅಂತ! ಸಂಡೂರಿನವಳು ಕೈ ಎತ್ತಲಿಲ್ಲ. ಕೇಳಿದ್ದಕ್ಕೆ 'ಗೊತ್ತಿಲ್ಲ ಸರ್' ಅಂದಳು.

ಉಸ್ತಾದ್ ನಕ್ಕರು. ಈ ಮೂರಕ್ಕೆ ಮೂರು ಜನ ವಾರಸುದಾರರು, ಆ ಐದಕ್ಕೆ ಯಾರೂ ದಿಕ್ಕಿಲ್ಲವಾ ಅನ್ನೋ ಅರ್ಥದಲ್ಲಿ ಏನೋ ಹೇಳಿದರು. ಆಮೇಲೆ ಬೆರಳಿಟ್ಟು ತೋರಿಸಿದ್ದು ಎಡಮೂಲೆಯ ಐದನ್ನೇ. ಇವತ್ತು ನಿಮ್ಮ ಗುಂಪಲ್ಲಿ ಫೈರಿಂಗ್ ಮಾಡಿದವರು ಇವರೊಬ್ಬರೇ ಅಂದರು. ನಮ್ಮ ಮೂರು ಕೈಯಲ್ಲಿ ಒಂದು ಕೆಳಗಿಳಿದು, ಸ್ವಲ್ಪ ಹೊತ್ತಿಗೆ ಮತ್ತೆ ಮೇಲೆದ್ದಿತು, ಈ ಸಲ ಆ ಐದಕ್ಕೆ. ಯಾರದ್ದು ಅಂತ ಇಲ್ಲಿ ಹೇಳಲ್ಲ. ನಾಚಿಕೆಯನ್ನು ನಾವು ಮೂವರೂ ಹಂಚಿಕೊಂಡಿದ್ದೀವಿ.

ಅಲ್ಲೇ ಸ್ವಲ್ಪ ಯೋಚಿಸಿದ್ದರೆ ಉತ್ತರ ಸಿಗುತ್ತಿತ್ತು. ಐದೂ ಒಬ್ಬರದೇ ಆದರೆ, ತನ್ನ ಹಾಳೆಯಲ್ಲಿ ಮೂರು ಇರೋನದಲ್ಲ, ಎರಡು ಇರೋನದೂ ಅಲ್ಲ. ಉಳಿದದ್ದು ಇಬ್ಬರೇ. ಅದರಲ್ಲಿ ಒಬ್ಬ ಪ್ರತಿ ಸದ್ದಿಗೂ ಬೆಚ್ಚಿದವನು, ಇನ್ನೊಬ್ಬಳು ಬೆಚ್ಚದವಳು. ಗೇಟ್ ಪರೀಕ್ಷೆಗೆ ರೀಸನಿಂಗ್ ಪ್ರಾಕ್ಟೀಸ್ ಮಾಡೋ ನಮಗೆ ಅಷ್ಟೂ ಹೊಳೀಲಿಲ್ಲ, ಅಥವಾ ಹೊಳೆದರೂ ಬಾಯಿ ಬಿಡಲಿಲ್ಲ. ನಿಯಮದ ಪ್ರಕಾರ ಐದಕ್ಕಿಂತ ಜಾಸ್ತಿ ತೂತು ಇರೋ ಹಾಳೆಗೆ ಅಂಕ ಇಲ್ಲ ಅಂತ ಉಸ್ತಾದ್ ಮೂರನೇ ನಂಬರಿನ ಮೇಲೆ ಗೀಟು ಹಾಕಿದರು. ಸಂಜೆ ಫೈರಿಂಗ್ ಟೀಮಿನ ಪ್ರಾಕ್ಟೀಸಿಗೆ ಹೆಸರು ಓದಿದಾಗ ಅವಳದ್ದು ಇರಲಿಲ್ಲ.

ಅದಕ್ಕೆ ಮುಂಚೆ ಖೋಕಾ ಹುಡುಕಾಟ ಬೇರೆ. ಹಾರಿಸಿದ ಪ್ರತಿ ಗುಂಡಿನ ಖಾಲಿ ಹಿತ್ತಾಳೆ ಖೋಕಾ ಲೆಕ್ಕ ಹಾಕಿ ವಾಪಸ್ ಕೊಡಬೇಕು. ನಮ್ಮ ಇಪ್ಪತ್ತರಲ್ಲಿ ಹತ್ತೊಂಬತ್ತೇ ಸಿಕ್ಕವು. ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಆ ವಸ್ತುವಿಗಾಗಿ ನಡು ಬಿಸಿಲಲ್ಲಿ ಮಂಡಿಯೂರಿ ಹುಲ್ಲು ಕೆದಕಿದೆವು. ಕೊನೆಗೆ ಸಿಕ್ಕಿದ್ದು ಕಂಪ್ಲಿಯವನ ಮಡಚಿದ ಶರ್ಟಿನ ತೋಳಿನೊಳಗೆ. ಅವನಿಗೂ ಗೊತ್ತಿರಲಿಲ್ಲ ಪಾಪ. ಆದರೆ ಆವತ್ತು ಅವನು ಏನು ಹೇಳಿದರೂ ನಂಬುವ ಮನಸ್ಸು ಯಾರಿಗೂ ಇರಲಿಲ್ಲ.

ರಾತ್ರಿ ಊಟದ ಸಾಲಿನಲ್ಲಿ ಅವಳು ಒಂದೇ ಮಾತು ಆಡಿದ್ದು: 'ನಿಮ್ಗೇನಪ, ಸುಳ್ಳು ಹೇಳಿ ಕೈ ಎತ್ತಿದ್ರಿ. ನಾನ್ ಗೊತ್ತಿಲ್ಲ ಅಂದೆ. ಹೋಗಿದ್ದು ಮಾತ್ರ ನಂದೇ.' ಪಲ್ಯ ಹಾಕಿಸಿಕೊಂಡು ಹುಡುಗಿಯರ ಕಡೆ ಹೋಗಿ ಕೂತಳು.

ಮರುದಿನ ಭಾನುವಾರ, ಹಂಪಿಗೆ ಕರೆದುಕೊಂಡು ಹೋದರು. ನಮಗೆಲ್ಲ ಹಂಪಿ ಅಂದ್ರೆ ನೆಂಟರು ಬಂದಾಗ ಹೋಗೋ ಜಾಗ. ಮಹಾನವಮಿ ದಿಬ್ಬದ ಕಲ್ಲಿನ ಮೇಲೆ ಬೇಟೆಯ ಸಾಲುಗಳಿವೆ, ಎಷ್ಟೋ ಸಲ ನೋಡಿದ್ದೀವಿ, ಅಂದರೆ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡಿದ್ದೀವಿ. ಆವತ್ತು ಮೊದಲ ಸಲ ಆಯುಧ ಹಿಡಿದವರ ಮೊಣಕೈ, ಭುಜ ಎಲ್ಲಿದೆ ಅಂತ ನೋಡಿದೆವು. ಕಮಲಾಪುರದವನು ಕಥೆ ಶುರುಮಾಡಿದ. ನದಿಯ ಆ ಕಡೆ ಆನೆಗೊಂದಿ, ಅದೇ ಕಿಷ್ಕಿಂಧೆ ಅನ್ನೋದು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ರಾಮ ಮರದ ಮರೆಯಿಂದ ವಾಲಿಗೆ ಬಾಣ ಬಿಟ್ಟ, ಅದು ಸರಿಯೋ ತಪ್ಪೋ ಅಂತ ಎಲ್ಲರೂ ಜಗಳ ಆಡ್ತಾರೆ. ಆದರೆ ಮೊದಲನೇ ಸಲ ಅವನು ಬಾಣ ಬಿಡಲೇ ಇಲ್ಲ. ಅಣ್ಣ ತಮ್ಮ ನೋಡೋಕೆ ಒಂದೇ ಥರ, ಯಾರು ವಾಲಿ ಯಾರು ಸುಗ್ರೀವ ತಿಳೀಲಿಲ್ಲ. ಸುಗ್ರೀವ ಒದೆ ತಿಂದು ಓಡಿಬಂದು ರೇಗಾಡಿದ. ಎರಡನೇ ಸಲ ಗುರುತಿಗೆ ಅಂತ ಲಕ್ಷ್ಮಣ ಅವನ ಕೊರಳಿಗೆ ಹೂಬಳ್ಳಿ ಹಾಕಿ ಕಳಿಸಿದ. 'ಏಳು ಮರ ಒಂದೇ ಬಾಣದಲ್ಲಿ ತೂರಿಸಿದೋನು ಲೇ ಅವನು. ಗುರುತು ಸಿಗಲಿಲ್ಲ ಅಂತ ಸುಮ್ನಿದ್ದ. ನಾವು ನಂಬರ್ ಬರೆದಿದ್ರೂ ಪಕ್ಕದ್ದಕ್ಕೆ ಹೊಡೆದ್ವಿ' ಅಂದ. ಸಂಡೂರಿನವಳು ದೂರದಲ್ಲಿ ನಿಂತಿದ್ದಳು, ಕೇಳಿಸಿರಬೇಕು. ನಕ್ಕಳೋ ಇಲ್ಲವೋ ಕಾಣಲಿಲ್ಲ.

ಆ ಸಂಜೆ ನಾವು ಮೂವರೂ ಉಸ್ತಾದ್ ಹತ್ರ ಹೋಗಿ, ಸರ್, ಆ ಮೂರು ನಮ್ಮವೇ ಅಂತ ನಮಗೆ ಗೊತ್ತಿರಲಿಲ್ಲ, ಸುಮ್ಮನೆ ಕೈ ಎತ್ತಿದ್ವಿ ಅಂದೆವು. ಹಿಂದಿಯಲ್ಲಿ ಇದನ್ನು ಹೇಳಲು ತುಂಬಾ ಹೊತ್ತು ಹಿಡಿಯಿತು. ಅವರು ಬೈಯಲಿಲ್ಲ. ಬೆಳಿಗ್ಗೆ ಬನ್ನಿ ಅಂದರು.

ಬೆಳಿಗ್ಗೆ ಗುಂಡಿಲ್ಲದ ರೈಫಲ್. ನಳಿಗೆಯ ತುದಿಯ ಹತ್ರ ಒಂದು ರೂಪಾಯಿ ನಾಣ್ಯ ಇಟ್ಟರು. ಟ್ರಿಗರ್ ಒತ್ತಿದಾಗ ಅದು ಬೀಳಬಾರದು. ಇಪ್ಪತ್ತು ಸಲ ಬಿತ್ತು. ಉಸಿರು ತಗೊಂಡು, ಅರ್ಧ ಬಿಟ್ಟು, ಅಲ್ಲೇ ನಿಲ್ಲಿಸಿ, ಬೆರಳಿಗೆ ಅವಸರ ಮಾಡದೆ ನಿಂಬೆಹಣ್ಣು ಹಿಂಡೋ ಹಾಗೆ ಒತ್ತಿದಾಗ ಒಂದು ಸಲ ನಿಂತಿತು. ಕಣ್ಣು ಇರಬೇಕಾದ್ದು ಮುಂದಿನ ಸೈಟಿನ ತುದಿಯ ಮೇಲೆ, ಟಾರ್ಗೆಟ್ ಮಸುಕಾದರೆ ಆಗಲಿ ಅನ್ನೋದು ಆಗ ತಲೆಗೆ ಹೋಯ್ತು. ಯಾಕೆ ಅಂತ ಮಣ್ಣಲ್ಲೇ ಗೀಚಿ ನೋಡಿದೆವು. ಎರಡು ಸೈಟಿನ ನಡುವೆ ಅರ್ಧ ಮೀಟರ್ ಅಂತ ಇಟ್ಟುಕೊಂಡರೆ 25 ಮೀಟರ್ ಅದರ 50 ಪಟ್ಟು. ತುದಿ 1 ಮಿ.ಮೀ. ಸರಿದರೆ ಗುಂಡು 5 ಸೆಂ.ಮೀ. ಆಚೆ. ಹತ್ತನೇ ಕ್ಲಾಸಿನ ಸಿಮಿಲರ್ ಟ್ರಯಾಂಗಲ್ಸ್, ಅಷ್ಟೇ. ಎಡಮೂಲೆಯ ಐದು ಯಾಕೆ ಒಳ್ಳೇವು ಅನ್ನೋದೂ ಫಸ್ಟ್ ಇಯರ್ ಲ್ಯಾಬಲ್ಲಿ ಬರೆದದ್ದೇ: ಐದು ಸಲವೂ ಒಂದೇ ತಪ್ಪಾದರೆ ಸೈಟನ್ನೋ ಗುರಿ ಇಡೋ ಜಾಗವನ್ನೋ ಸರಿಸಿ ತಿದ್ದಬಹುದು. ಐದು ಸಲ ಐದು ಥರ ತಪ್ಪಿದರೆ ಯಾವುದನ್ನು ಅಂತ ತಿದ್ದೋದು? ರೆಕಾರ್ಡ್ ಬುಕ್ಕಿನಲ್ಲಿ ಇದನ್ನೇ ಸೀನಿಯರ್ ನೋಡಿ ಕಾಪಿ ಹೊಡೆದಿದ್ದೆವು.

ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 2024ರಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಹೊಡೆದದ್ದೂ .22 ರೈಫಲ್ಲಿನಲ್ಲೇ, ನಮ್ಮ ಎರಡರಷ್ಟು ದೂರಕ್ಕೆ, 50 ಮೀಟರಿಗೆ. ಅಲ್ಲಿ ಹತ್ತು ಅಂಕದ ವೃತ್ತ 10.4 ಮಿ.ಮೀ. ಅಗಲ, ನಮ್ಮ ಅಂಗಿ ಗುಂಡಿಯಷ್ಟು. ಅವರು ಕೊಲ್ಹಾಪುರ ಜಿಲ್ಲೆಯವರು, ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಕೆಲಸ ಮಾಡಿದವರು. ಹೊಸಪೇಟೆ ಸ್ಟೇಷನ್ನಿನಲ್ಲಿ ಹರಿಪ್ರಿಯಾ ಎಕ್ಸ್‌ಪ್ರೆಸ್ ಹತ್ತಿ ಕೂತರೆ ಅದು ಕೊನೆಗೆ ನಿಲ್ಲೋದು ಕೊಲ್ಹಾಪುರದಲ್ಲೇ. ಇದನ್ನು ಕಂಪ್ಲಿಯವನು ಹೇಳಿದ. ಅವನಿಗೆ ಇಂಥವೆಲ್ಲ ಬಾಯಿಪಾಠ. ಆರ್ಮಿಗೆ ಹೋಗಬೇಕು ಅನ್ನೋನು ನಮ್ಮಲ್ಲಿ ಅವನೊಬ್ಬನೇ. ಡ್ಯಾಮಿನಿಂದ ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗುತ್ತೆ, ನೀರು ಇಳಿಯೋವರೆಗೂ ಕಾಯಬೇಕು. ಹಾಗೆ ಕಾದು ಬೆಳೆದೋನು, ತಾಳ್ಮೆ ಇದೆ ಅಂತ ತನ್ನನ್ನೇ ಹೊಗಳಿಕೊಳ್ಳುತ್ತಿದ್ದ. ನಾಣ್ಯ ಬೀಳಿಸದ ಮೊದಲಿಗನೂ ಅವನೇ. ಆದರೂ ಗುರಿ ಕೂರುತ್ತಿರಲಿಲ್ಲ. ಉಸ್ತಾದ್ ಅವನಿಗೆ ಎರಡೂ ಕಣ್ಣು ಬಿಟ್ಟು ದೂರದ ಕಂಬಕ್ಕೆ ಹೆಬ್ಬೆರಳು ಹಿಡಿ ಅಂದರು, ಆಮೇಲೆ ಒಂದೊಂದೇ ಕಣ್ಣು ಮುಚ್ಚು ಅಂದರು. ಬಲಗಣ್ಣಲ್ಲಿ ನೋಡಿದಾಗ ಬೆರಳು ಕಂಬ ಬಿಟ್ಟು ಪಕ್ಕಕ್ಕೆ ಹಾರಿತು. ಅವನ ಮುಖ್ಯ ಕಣ್ಣು ಎಡಗಣ್ಣು. ಅದೇನೂ ದೊಡ್ಡ ತೊಂದರೆಯಲ್ಲ, ಆದರೆ ಬಲಗಣ್ಣಲ್ಲಿ ಕಂಬದ ಮೇಲಿನ ನಂಬರೂ ಅವನಿಗೆ ಓದಲಾಗಲಿಲ್ಲ. ಹತ್ತೊಂಬತ್ತು ವರ್ಷ ಅವನಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಅವನು ಆ ದಿನ ಹೆಚ್ಚು ಮಾತಾಡಲಿಲ್ಲ, ನಾವೂ ಕೆದಕಲಿಲ್ಲ. ಕ್ಯಾಂಪ್ ಮುಗಿದ ಮೇಲೆ ಹೊಸಪೇಟೆಯಲ್ಲಿ ಕಣ್ಣಿನ ಡಾಕ್ಟರ್ ಹತ್ರ ಒಟ್ಟಿಗೇ ಹೋದೆವು, ಕನ್ನಡಕ ಬಂತು. ಮನೆಯಲ್ಲಿ ಕೇಳಿದಾಗ ಲ್ಯಾಪ್‌ಟಾಪ್ ನೋಡಿ ನೋಡಿ ಹಿಂಗಾಯ್ತು ಅಂದನಂತೆ. ಆರ್ಮಿ ವಿಷಯ ಇನ್ನೂ ಹೇಳಿಲ್ಲ.

ಎಂಟನೇ ದಿನ ಎರಡನೇ ಸಲ ಐದೈದು ಗುಂಡು ಸಿಕ್ಕಿತು. ಉಸ್ತಾದ್ ಸಂಡೂರಿನವಳಿಗೆ ಅದೇ ರೈಫಲ್ ಕೊಟ್ಟು, ಆಚೆ ಈಚೆ ಟಾರ್ಗೆಟ್ ಖಾಲಿ ಬಿಟ್ಟು, ಒಬ್ಬಳನ್ನೇ ಮಲಗಿಸಿದರು. ಹಾಳೆ ಬಂತು. ಐದು ತೂತು, ಅದೇ ಎಡಮೂಲೆ. ಮೊದಲಿಗಿಂತ ಸ್ವಲ್ಪ ಹರಡಿತ್ತು, ಆದರೂ ಮುಚ್ಚಳದ ಬದಲು ಲೋಟದ ಬಾಯಿ ಸಾಕು. ಉಸ್ತಾದ್ ಪಟ್ಟಿ ತೆಗೆದು ಕೊನೆಗೆ ಪೆನ್ಸಿಲ್ಲಿನಲ್ಲಿ ಅವಳ ಹೆಸರು ಸೇರಿಸಿದರು. ನಮ್ಮ ಹೊಸಪೇಟೆಯವನದ್ದು ಈ ಸಲ ಐದೂ ಅವನದೇ ಹಾಳೆಯಲ್ಲಿ, ಒಂದೂ ಮಧ್ಯಕ್ಕಿಲ್ಲ, ಹಬ್ಬ ಆಚರಿಸಿದೆವು.

ಟೀಮಿನ ಟ್ರಯಲ್ಸ್ ಮಾರನೇ ದಿನವೇ ಇತ್ತು. ಉಳಿದವರು ಅಷ್ಟರಲ್ಲಿ ಮೂರು ದಿನ ಪ್ರಾಕ್ಟೀಸ್ ಮಾಡಿದ್ದರು, ಅವಳಿಗೆ ಒಂದು ಸಂಜೆ ಸಿಕ್ಕಿತ್ತು. ಸೆಲೆಕ್ಟ್ ಆಗಲಿಲ್ಲ. ಎಷ್ಟರಲ್ಲಿ ತಪ್ಪಿತು ಅಂತ ನಾವು ಕೇಳಿದೆವು. ಬಿಡ್ರಪ ಅಂದಳು.

ವಾಪಸ್ ಬರುವಾಗ ಹೊಸಪೇಟೆ ಬಸ್‌ಸ್ಟ್ಯಾಂಡಲ್ಲಿ ಟ್ರಂಕು, ಬ್ಯಾಗು ಇಟ್ಟುಕೊಂಡು ನಿಂತಿದ್ದೆವು. ಗೀಟು ಹಾಕಿದ ಮೂರನೇ ನಂಬರ್ ಹಾಳೆಯನ್ನು ಅವಳು ಉಸ್ತಾದ್ ಹತ್ರ ಕೇಳಿ ಇಸಕೊಂಡಿದ್ದಳು. ಮಡಚಿದ್ದನ್ನು ಬಿಡಿಸಿ ನಮ್ಮ ಮುಂದೆ ಹಿಡಿದಳು. ಎಡಮೂಲೆಯ ಐದರ ಸುತ್ತ ಪೆನ್ನಿನಲ್ಲಿ ವೃತ್ತ ಹಾಕಿ ತನ್ನ ಹೆಸರು ಬರೆದಿದ್ದಳು.

'ಇವು ಮೂರು ಯಾರವು? ಈಗಾದ್ರೂ ಹೇಳ್ರಿ' ಅಂದಳು.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ನಿಜವಾಗಿಯೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದೆವು. ಅಷ್ಟರಲ್ಲಿ ಸಂಡೂರ ಬಸ್ ಬಂತು. ಅವಳ ಟ್ರಂಕನ್ನು ಮೂವರೂ ಸೇರಿ ಎತ್ತಿ ಒಳಗಿಟ್ಟೆವು.