ಗಾಡಿಗೊಂದು ಐಸಿನ ಪೆಟ್ಟಿಗೆ

ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಏಳನೆಯದಕ್ಕೆ ನಮ್ಮ ಮನೆಯಲ್ಲಿ ‘ಅಮ್ಮ ಇಳಿಯುವ ತಿರುವು’ ಎಂದೇ ಹೆಸರು. ಉಡುಪಿಯಿಂದ ಹೊರಟು ಹೆಬ್ರಿ, ಸೋಮೇಶ್ವರ ದಾಟಿ ತೀರ್ಥಹಳ್ಳಿ ಕಡೆಯ ಅಜ್ಜನ ಮನೆಗೆ ಹೋಗುವಾಗೆಲ್ಲ ನಮ್ಮ ಹಳೆಯ ಮಾರುತಿ 800 ಅಲ್ಲಿಗೆ ಬರುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಟೆಂಪರೇಚರ್ ಮುಳ್ಳು ಕೆಂಪಿನ ಹತ್ತಿರ ಸರಿಯುತ್ತಿತ್ತು. ಅಪ್ಪ ಗಾಡಿಯನ್ನು ಬದಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯುವ ಮೊದಲೇ ನಾನು ಹಾರಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಅದು ಎಂಟನೇ ಕ್ಲಾಸಿನಿಂದಲೂ ನನ್ನ ಹುದ್ದೆ. ಇಂಜಿನ್ ತಣ್ಣಗಾದ ಮೇಲೂ ಐದು ಜನರ ಭಾರ ಹೊತ್ತು ಆ ಏರಿನಲ್ಲಿ ಮತ್ತೆ ಹೊರಡಲು ಅದು ಒಪ್ಪುತ್ತಿರಲಿಲ್ಲ. ಆಗ ಅಮ್ಮ ಯಾರೂ ಹೇಳುವ ಮೊದಲೇ ಬಾಗಿಲು ತೆಗೆದು ಇಳಿಯುತ್ತಿದ್ದಳು. ‘ನೀವು ಮುಂದೆ ಹೋಗಿ, ನಾನು ಬರ್ತೇನೆ.’ ಅಪ್ಪ ಎರಡು ತಿರುವು ಮೇಲೆ ಹೋಗಿ ಕಾಯುತ್ತಿದ್ದರು.

ಇದರಲ್ಲಿ ನನಗೆ ಅವಮಾನ ಕಾಣಿಸತೊಡಗಿದ್ದು ಮಾವ ಹೊಸ ಕಾರು ತೆಗೆದುಕೊಂಡ ವರ್ಷ. ಅದೇ ತಿರುವಿನಲ್ಲಿ ಅವರು ಹಾರ್ನ್ ಹೊಡೆದು, ಗಾಜು ಇಳಿಸಿ, ‘ಏನು ಅಕ್ಕಾ, ವಾಕಿಂಗಾ?’ ಎಂದು ನಕ್ಕು ಮುಂದೆ ಹೋದರು. ಅಮ್ಮನೂ ನಕ್ಕಳು. ಅಪ್ಪ ನಗಲಿಲ್ಲ ಎಂದು ನನಗೆ ಅನ್ನಿಸಿತು. ಮೇಷ್ಟ್ರ ಸಂಬಳದಲ್ಲಿ ಎರಡನೇ ಕೈ ಗಾಡಿ ತೆಗೆದವರು ಅವರು. ಅದನ್ನು ಪ್ರತಿ ಭಾನುವಾರ ತೊಳೆಯುವವರು.

ಆಗ ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ. ಥರ್ಮೋಡೈನಮಿಕ್ಸ್ ಓದಿದ ಹುಡುಗರಿಗೆ ಜಗತ್ತೆಲ್ಲ ಒಂದು ಲೆಕ್ಕದಂತೆ ಕಾಣುವ ಕಾಲ. ಪೆಟ್ರೋಲಿನ ಒಂದು ಪಾಲು ಸರಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಮಾರುತಿಯ 796 ಸಿಸಿ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಪೆಡಲ್ ಪೂರ್ತಿ ಒತ್ತಿದರೆ, ಹೆಚ್ಚುಕಡಿಮೆ 1200 ಲೀಟರ್ ಗಾಳಿ ನುಂಗುತ್ತದೆ. ಸುಮ್ಮನೆ ಕೂತ ಮನುಷ್ಯನಿಗೆ ನಿಮಿಷಕ್ಕೆ ಏಳೆಂಟು ಲೀಟರ್ ಸಾಕು. ಅಂದರೆ ಆ ಪುಟ್ಟ ಬಾನೆಟ್ಟಿನ ಕೆಳಗೆ ಒಂದು ಮದುವೆಯ ಪಂಕ್ತಿಯಷ್ಟು ಜನ ಉಸಿರಾಡುತ್ತಿದ್ದರು. ಅವರಿಗೆ ಸಿಗುತ್ತಿದ್ದುದು ರೇಡಿಯೇಟರಿನ ಹಿಂದಿನ ಬಿಸಿಗಾಳಿ. ಕಾಲೇಜಿನ ಲ್ಯಾಬಿನಿಂದ ತಂದ ಥರ್ಮಾಮೀಟರನ್ನು ಏರ್ ಫಿಲ್ಟರಿನ ಬಾಯಿಗೆ ಕಟ್ಟಿ ಊರೊಳಗೇ ಒಂದು ಏರಿನಲ್ಲಿ ನೋಡಿದೆ. ಹೊರಗೆ 34 ಡಿಗ್ರಿ, ಒಳಗೆ 58. ಬಿಸಿಯಾದ ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿಯಲ್ಲಿ ಆಮ್ಲಜನಕ ತೆಳು. ಅದನ್ನು 15 ಡಿಗ್ರಿಗೆ ತಣಿಸಿದರೆ ಸಾಂದ್ರತೆ ಸುಮಾರು ನೂರಕ್ಕೆ 15ರಷ್ಟು ಹೆಚ್ಚುತ್ತದೆ. ಗಾಡಿ 650 ಕಿಲೋ, ಐದು ಜನ 300 ಕಿಲೋ. ನೂರಕ್ಕೆ 15 ಎಂದರೆ ಎರಡು ಜನ ಇಳಿದದ್ದಕ್ಕೆ ಸಮ. ಹಾಗಾದರೆ ಅಮ್ಮ ಇಳಿಯಬೇಕಾಗಿಲ್ಲ. ನೋಟ್‌ಬುಕ್ಕಿನಲ್ಲಿ ಆ ಸಾಲಿನ ಕೆಳಗೆ ಎರಡು ಗೀಟು ಎಳೆದದ್ದು ಇನ್ನೂ ನೆನಪಿದೆ.

ಐಸು ಎಂದ ಕೂಡಲೇ ನೆನಪಾದದ್ದು ಮಲ್ಪೆಯ ಗೆಳೆಯ. ಪಿಯುಸಿಯಲ್ಲಿ ನನ್ನ ಬೆಂಚಿನವನು. ಆಮೇಲೆ ಓದು ಬಿಟ್ಟು ಅಣ್ಣನ ಬೋಟಿನ ಕೆಲಸಕ್ಕೆ ಸೇರಿದ್ದ. ನನ್ನ ಲೆಕ್ಕವನ್ನೆಲ್ಲ ಕೇಳಿ, ‘ಎಂತ ಮಾರಾಯ, ಗಾಡಿಗೆ ಜ್ವರವಾ?’ ಎಂದ. ಮರುದಿನ ಮೀನು ತುಂಬುವ ಒಂದು ಸಣ್ಣ ಥರ್ಮೋಕೋಲ್ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ನಮ್ಮ ಮನೆಗೇ ಬಂದ. ಅಂಗಳದಲ್ಲಿ ಅಮ್ಮ ಹಪ್ಪಳ ಒಣಗಿಸುತ್ತಿದ್ದಳು. ‘ಅದೆಂತದು?’ ಎಂದಳು. ನಮ್ಮದು ಮೀನು ಮುಟ್ಟದ ಮನೆ. ನಾನು ಒಂದು ಕ್ಷಣವೂ ಯೋಚಿಸದೆ, ‘ಐಸ್‌ಕ್ರೀಮ್ ಅಂಗಡಿಯದ್ದು’ ಎಂದೆ. ಗೆಳೆಯ ಪೆಟ್ಟಿಗೆಯ ಹಗ್ಗ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ. ಅಮ್ಮ ಅವನಿಗೆ ಮಜ್ಜಿಗೆ ತಂದುಕೊಟ್ಟಳು. ಕುಡಿದು ಲೋಟ ತೊಳೆದಿಟ್ಟು ಹೋದ.

ಪೆಟ್ಟಿಗೆಯನ್ನು ಸೀಗೆಪುಡಿ, ಹುಣಸೆಹುಳಿ, ಕೊನೆಗೆ ಫಿನಾಯಿಲ್ ಹಾಕಿ ತಿಕ್ಕಿದೆ. ಬಂಗುಡೆ ಹೋಯಿತೋ ಫಿನಾಯಿಲಿನ ಕೆಳಗೆ ಅಡಗಿತೋ ಹೇಳಲಾರೆ.

ಮೊದಲು ಗುಜರಿಯಲ್ಲಿ ಸಿಕ್ಕ ಹಳೆ ಫ್ರಿಜ್ಜಿನ ತಾಮ್ರದ ಕೊಳವೆಯನ್ನು ಐಸಿನೊಳಗೆ ಸುರುಳಿ ಸುತ್ತಿ ಅದರ ಮೂಲಕ ಗಾಳಿ ಎಳೆಸಿದೆವು. ಸ್ಟ್ರಾ ಹಾಕಿಕೊಂಡು ಮ್ಯಾರಥಾನ್ ಓಡಿದ ಹಾಗಾಯಿತು. ಇಂಜಿನ್ ಎರಡು ಸಲ ಕೆಮ್ಮಿ ಸತ್ತಿತು. ಕೊಳವೆಯೇ ಬೇಡ, ಗಾಳಿ ನೇರ ಐಸಿನ ಮೇಲೇ ಹಾದು ಬರಲಿ ಎಂದು ತೀರ್ಮಾನಿಸಿದೆವು. ಪೆಟ್ಟಿಗೆಯ ಮುಂದಕ್ಕೊಂದು ತೂತು, ಹಿಂದಕ್ಕೊಂದು ತೂತು. ಹಿಂದಿನದಕ್ಕೆ ಅಂಗಡಿಯಿಂದ ತಂದ ಎರಡಿಂಚಿನ ಸುರುಳಿ ಪೈಪ್ ಸಿಕ್ಕಿಸಿ, ಹೆಡ್‌ಲೈಟಿನ ಪಕ್ಕದ ಸಂದಿನಲ್ಲಿ ತೂರಿಸಿ, ಏರ್ ಫಿಲ್ಟರಿನ ಬಾಯಿಗೆ ಕ್ಲ್ಯಾಂಪ್ ಹಾಕಿದೆವು. ಪೆಟ್ಟಿಗೆ ಬಂಪರಿನ ಒಂದು ಮೂಲೆಗೆ, ರೇಡಿಯೇಟರಿಗೆ ಅಡ್ಡವಾಗದಂತೆ, ಬೋಟಿನ ನೈಲಾನ್ ಹಗ್ಗದಿಂದ. ಗೆಳೆಯನ ಗಂಟುಗಳು ಮಾತ್ರ ನೋಡುವ ಹಾಗಿದ್ದವು. ಇಡೀ ಕೆಲಸದಲ್ಲಿ ಕೊನೆಯವರೆಗೂ ಕೈಕೊಡದ ಭಾಗ ಅದೊಂದೇ.

ಒಂದು ಕಿಲೋ ಐಸು ಕರಗಲು 334 ಕಿಲೋಜೂಲ್ ಶಾಖ ಬೇಕು. 4 ಕಿಲೋ ಹಾಕಿದರೆ ಘಾಟಿ ಹತ್ತಿ ಮುಗಿದು ಅರ್ಧ ಉಳಿಯಬೇಕು, ಕಾಗದದ ಮೇಲೆ. ಆದರೆ ನಮ್ಮ ಕರಾವಳಿಯ ಗಾಳಿ ಬರೀ ಗಾಳಿಯಲ್ಲ, ಒದ್ದೆ ಬಟ್ಟೆ. ಅದನ್ನು ತಣಿಸಹೊರಟರೆ ಅದರ ತೇವ ನೀರಾಗಿ, ಹಾಗೆ ನೀರಾಗುವಾಗಲೂ ಶಾಖ ಬಿಡುತ್ತದೆ. ಐಸಿನ ಅರ್ಧಕ್ಕಿಂತ ಹೆಚ್ಚು ಖರ್ಚಾಗುವುದು ಆ ಬಟ್ಟೆಯನ್ನು ಹಿಂಡುವುದಕ್ಕೇ. ಆ ಸಾಲು ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ.

2003ರ ಏಪ್ರಿಲ್ ಕೊನೆಯ ಒಂದು ದಿನ ಪರೀಕ್ಷೆ. ಅಪ್ಪ ಬಂಪರಿನ ಮೇಲಿನ ಪೆಟ್ಟಿಗೆಯನ್ನು ಒಂದು ಸುತ್ತು ನೋಡಿ, ‘ಸ್ಟಿಯರಿಂಗ್ ನಾನೇ ಹಿಡೀತೇನೆ’ ಎಂದರು, ಅಷ್ಟೇ. ಅಮ್ಮ, ಅಕ್ಕನ ಬದಲಿಗೆ ಹಿಂದಿನ ಸೀಟಿನಲ್ಲಿ ಎರಡು ಮೂಟೆ ಕುಚ್ಚಲಕ್ಕಿ. ಸೋಮೇಶ್ವರದಲ್ಲಿ ಗೋಣಿಯೊಳಗಿನ ಉಮಿ ಕೊಡವಿ ಐಸು ಒಡೆದು ತುಂಬಿದೆವು. ಮೊದಲ ನಾಲ್ಕು ತಿರುವು ಗಾಡಿ ಹತ್ತಿದ ಪರಿಗೆ ಅಪ್ಪ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಅದು ಅವರ ಅತಿ ದೊಡ್ಡ ಮೆಚ್ಚುಗೆ. ಐದರಲ್ಲಿ ಇಂಜಿನ್ ಸಣ್ಣಗೆ ನಡುಗಿತು. ಆರನೆಯದು ಮುಗಿಯುವ ಮೊದಲೇ, ಪೆಡಲ್ ಒತ್ತಿದಷ್ಟೂ ಸೊರಗುತ್ತ, ನಿಂತೇಬಿಟ್ಟಿತು. ನಾನು ಹಾರಿ ಕಲ್ಲು ಕೊಟ್ಟೆ. ಏಳನೇ ತಿರುವಿನವರೆಗೂ ಬರಲಿಲ್ಲ.

ಗೆಳೆಯ ಫಿಲ್ಟರಿನ ಡಬ್ಬಿ ಬಿಚ್ಚಿದ. ಕಾಗದದ ಫಿಲ್ಟರ್ ನೆನೆದು ಹಪ್ಪಳದ ಹಿಟ್ಟಿನಂತಾಗಿತ್ತು. ಆಮೇಲೆ ಕಾರ್ಬೊರೇಟರಿನ ಬಾಯಿಗೆ ಬೆರಳು ಹಾಕಿದವನು ತಟ್ಟನೆ ಹಿಂದೆ ತೆಗೆದ. ‘ಮಾಷ್ಟ್ರೇ, ಇಲ್ಲಿ ನೋಡಿ. ಇದರೊಳಗೆ ಐಸ್ ಉಂಟು.’ ಮೂವರೂ ಬಗ್ಗಿದೆವು. ಏಪ್ರಿಲ್ ಬಿಸಿಲಿನಲ್ಲಿ, ಕುದಿಯುವ ಇಂಜಿನ್ನಿನ ನೆತ್ತಿಯ ಮೇಲೆ, ಬೆಳ್ಳಗೆ ಹಿಮ.

ನಮ್ಮ ಪೆಟ್ಟಿಗೆಯಿಂದ ಅದು ಹಾರಿ ಬಂದದ್ದಲ್ಲ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಗಾಳಿಯಿಂದಲೇ ಶಾಖ ಹೀರಿಕೊಳ್ಳುತ್ತದೆ. ಗಾಳಿ ಅಲ್ಲೇ ಇನ್ನೂ 15–20 ಡಿಗ್ರಿ ತಣ್ಣಗಾಗಬಹುದು. ಬಿಸಿಗಾಳಿಗೆ ಅದರಿಂದ ಏನೂ ಆಗುವುದಿಲ್ಲ. ಮೊದಲೇ ತಣ್ಣಗಿದ್ದು, ತೇವದಿಂದ ತುಂಬಿದ ಗಾಳಿಯಾದರೆ ಅದರ ನೀರು ಆ ಇಕ್ಕಟ್ಟಿನ ಕತ್ತಿನಲ್ಲಿ ಹೆಪ್ಪುಗಟ್ಟಿ ಉಸಿರು ಕಟ್ಟಿಸುತ್ತದೆ. ಕಾರ್ಬೊರೇಟರ್ ಇರುವ ಸಣ್ಣ ವಿಮಾನಗಳಲ್ಲಿ ಇದಕ್ಕೆಂದೇ ಪೈಲಟ್ಟಿನ ಕೈಗೆ ಒಂದು ಗುಂಡಿ ಇರುತ್ತದೆ. ಎಳೆದರೆ ಬಿಸಿಗಾಳಿ ಬರುತ್ತದೆ. ಜಗತ್ತಿನ ಇಂಜಿನಿಯರುಗಳು ಯಾವುದನ್ನು ತಪ್ಪಿಸಲು ಇಷ್ಟು ಒದ್ದಾಡಿದ್ದರೋ ಅದನ್ನು ನಾನು ದುಡ್ಡು ಕೊಟ್ಟು, ಐಸು ಹೊತ್ತು, ಆಗುಂಬೆಯವರೆಗೆ ತಂದಿದ್ದೆ.

‘ಐಸ್ ಬಿಸಾಡುವ, ಪೈಪ್ ಇರಲಿ’ ಎಂದ ಗೆಳೆಯ. ‘ಹೊರಗಿನ ಗಾಳಿಯೇ ಒಳಗಿನದ್ದಕ್ಕಿಂತ ತಂಪಲ್ಲವಾ?’ 58ರ ಬದಲು 34. ನೂರಕ್ಕೆ ಎಂಟರಷ್ಟು ಲಾಭ, ಅದೂ ಬಿಟ್ಟಿ. ಎರಡು ವರ್ಷ ಥರ್ಮೋಡೈನಮಿಕ್ಸ್ ಓದಿದವನ ಕಿವಿ ಬೆಚ್ಚಗಾಯಿತು. ರಸ್ತೆ ಬದಿಗೆ ಸುರಿದ ಐಸಿಗೆ ಘಾಟಿಯ ಮಂಗಗಳು ಮುತ್ತಿಗೆ ಹಾಕಿದವು; ಒಂದು ಮರಿ ತುಂಡೊಂದನ್ನು ಹಿಡಿದು, ಕೈ ಸುಟ್ಟವರ ಹಾಗೆ ಎಸೆದು, ಮತ್ತೆ ಹಿಡಿಯುತ್ತಿತ್ತು. ಅಪ್ಪ ಅದನ್ನು ನೋಡುತ್ತ ಜೋರಾಗಿ ನಕ್ಕರು. ಫಿಲ್ಟರನ್ನು ಬಿಸಿಲಿಗಿಟ್ಟು ಒಣಗಿಸಿ ಹೊರಟೆವು. ಆಗುಂಬೆಯ ಚೆಕ್‌ಪೋಸ್ಟಿನವರೆಗೆ ಎಲ್ಲೂ ನಿಲ್ಲಲಿಲ್ಲ.

ಮುಂದಿನ ವಾರ ಐದು ಜನ ಹೊರಟೆವು. ಬಂಪರಿನ ಮೇಲೆ ಪೆಟ್ಟಿಗೆ ಇರಲಿಲ್ಲ. ಪೈಪಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೆ, ಅಷ್ಟೇ. ಏಳನೇ ತಿರುವಿನಲ್ಲಿ ಅಮ್ಮನ ಕೈ ಅಭ್ಯಾಸಬಲದಿಂದ ಬಾಗಿಲಿನ ಹಿಡಿಗೆ ಹೋಯಿತು. ಅಪ್ಪ ಮೊದಲನೇ ಗೇರಿಗೆ ಹಾಕಿದರು. ಗಾಡಿ ಗುರುಗುಟ್ಟುತ್ತ, ನಿಲ್ಲದೆ, ತಿರುವು ದಾಟಿತು. ನಾನು ಅಮ್ಮನ ಮುಖವನ್ನೇ ನೋಡುತ್ತಿದ್ದೆ.

‘ನಿಲ್ಲಿಸಿ’ ಎಂದಳು ಅಮ್ಮ.

‘ಯಾಕೆ? ಹತ್ತುತ್ತಾ ಉಂಟಲ್ಲ.’

‘ಹತ್ತಲಿ. ಇಲ್ಲಿ ನಾನು ಸ್ವಲ್ಪ ನಡೀತೇನೆ. ವರ್ಷದಲ್ಲಿ ನನಗೆ ಸಿಗುವುದೇ ಇಷ್ಟು ನಡಿಗೆ.’

ಅಪ್ಪ ನಿಲ್ಲಿಸಿದರು. ನಾನೂ ಇಳಿದೆ. ಗಾಡಿ ಮುಂದೆ ಹೋಯಿತು. ಕಾಡಿನಲ್ಲಿ ಜೀರುಂಡೆಗಳ ಸದ್ದು ಮಾತ್ರ ಉಳಿಯಿತು. ಅಮ್ಮ ಸೆರಗು ಸಿಕ್ಕಿಸಿಕೊಂಡು ನನಗಿಂತ ವೇಗವಾಗಿ ನಡೆಯುತ್ತಿದ್ದಳು. ಸ್ವಲ್ಪ ದೂರ ಹೋದ ಮೇಲೆ, ಹಿಂದೆ ತಿರುಗದೆಯೇ ಕೇಳಿದಳು: ‘ಆ ಪೆಟ್ಟಿಗೆ ಮೀನಿಂದು ಅಂತ ಅವತ್ತೇ ಗೊತ್ತಾಗಿತ್ತು ನನಗೆ. ಆ ಹುಡುಗನ ಎದುರಿಗೇ ಯಾಕೆ ಹಾಗೆ ಹೇಳಿದೆ?’

ನಾನು ಮಾತಾಡಲಿಲ್ಲ. ಎರಡು ತಿರುವು ಮೇಲೆ ಗಾಡಿ ನಿಂತಿತ್ತು. ಅಪ್ಪ ತಾವೇ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡುತ್ತಿದ್ದರು.