ಮಾಂಜ್ರಾ ಹೊಳಿಗೆ ಯಾವ ಬಣ್ಣ?

ಹದಿನೈದನೆಯ ಶತಮಾನದಲ್ಲಿ ಬೀದರ್ ಕೋಟೆ ಕಟ್ಟಿಸಲು ಬಹಮನಿ ಸುಲ್ತಾನ ಅಹ್ಮದ್ ಷಾನಿಗೆ ವರ್ಷಗಳೇ ಹಿಡಿದವು. ಹೈದರಾಬಾದಿನಲ್ಲಿರುವ ನಮ್ಮ ಅಕ್ಕನ ಮಗ ಅದನ್ನು ದಸರಾ ರಜೆಯೊಳಗೇ ಮುಗಿಸಿಬಿಟ್ಟ. ಕಟ್ಟಿದ್ದು ಸಿಟೀಸ್ ಸ್ಕೈಲೈನ್ಸ್ ಅಂತ ಊರು ಕಟ್ಟುವ ಕಂಪ್ಯೂಟರ್ ಆಟದಲ್ಲಿ. ಫಿನ್‌ಲೆಂಡಿನವರು ಮಾಡಿದ್ದು, 2015ರಲ್ಲಿ ಹೊರಬಂದದ್ದು. ಕೋಟೆ ಬಂತು, ಚೌಬಾರಾ ಗೋಪುರ ಬಂತು, ಭಾಲ್ಕಿ ರಸ್ತೆಯೂ ಬಂತು. ತಕರಾರು ಎದ್ದದ್ದು ನೀರಿನಲ್ಲಿ.

"ಮಾಮಾ, ಎರಡೂ ನೀರು ಕೂಡವಲ್ವು ನೋಡ್ರಿ" ಅಂದ. ಕೋಟೆಯ ಕಂದಕಕ್ಕೂ ಪಾಪನಾಶ ಕೆರೆಗೂ ಅವನು ಹಾಸಿದ್ದು ಯಾರೋ ಮಾಡಿಟ್ಟ ಸಿದ್ಧ ನೀರಿನ ಹಾಳೆ. ಮಾಂಜ್ರಾದಲ್ಲಿ ಹರಿಯುವುದು ಆಟದ್ದೇ ನೀರು. ಕೆರೆಯ ಕೋಡಿ ಹೊಳೆಗೆ ಸೇರುವಲ್ಲಿ ಹಳೆ ಸೀರೆಗೆ ಹೊಸ ತ್ಯಾಪಿ ಹಚ್ಚಿದಂತೆ ಗೆರೆ ಎದ್ದು ಕಾಣುತ್ತಿತ್ತು. ಆ ಆಟದಲ್ಲಿ ಒಂದು ನಕ್ಷೆಗೆ ಒಂದೇ ಬಣ್ಣದ ನೀರು. ಹೊಳೆಯಷ್ಟೇ ಕಂದಾಗಬೇಕಾದರೆ ಅದಕ್ಕೆ ಊರ ಚರಂಡಿ ಬಿಡಬೇಕು. ಅಂದರೆ ಮಾಂಜ್ರಾಕ್ಕೆ ಮಳೆಗಾಲ ತರಲು ಇಡೀ ಬೀದರಿನ ಹೊಲಸು ಹರಿಸುವುದೊಂದೇ ದಾರಿ! ಹುಡುಗ ಅದಕ್ಕೂ ತಯಾರಿದ್ದ.

ಆದರೆ ನಮ್ಮ ಸೀಮೆಯ ನೀರಿಗೆ ಬಣ್ಣ ಕೊಡುವುದು ಚರಂಡಿಯಲ್ಲ, ಮಣ್ಣು. ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಮೇಲೆ. ಅದರಡಿಯಲ್ಲಿ ಕರಿಕಲ್ಲು. ಮಳೆನೀರು ಕೆಂಪುಕಲ್ಲಿನಲ್ಲಿ ಇಂಗಿ, ಕರಿಕಲ್ಲಿಗೆ ತಡೆದು, ಪಕ್ಕದಿಂದ ಝರಿಯಾಗಿ ಹೊರಡುತ್ತದೆ. ನಾನಕ್ ಝಿರಾದ ನೀರು ಅಂಥದು, ಝರಣಿ ನರಸಿಂಹನ ಗುಹೆಯ ನೀರೂ ಅಂಥದೇ. (ಎದೆಮಟ ನೀರಿನಲ್ಲಿ ನಡೆದು, ತಲೆಯ ಮೇಲೆ ಬಾವಲಿ ನೋಡುತ್ತ ದೇವರ ದರ್ಶನ ಮಾಡುವ ಸೌಲಭ್ಯ ಆಟದಲ್ಲಿಲ್ಲ.) ನೌಬಾದಿನ ಕರೇಜ್ ಸುರಂಗ ತೋಡಿದವರು ನೆಚ್ಚಿದ್ದೂ ನೆಲದಡಿಯ ನೀರನ್ನೇ. ಕೆಳಗಿಳಿದು ಭಾಲ್ಕಿ, ಔರಾದ ಕಡೆ ಹೋದರೆ ಎರೆಭೂಮಿ. ಮುಂಗಾರಿನಲ್ಲಿ ಮೇಲಿಂದ ಬಂದ ಕೆಂಪು ಹಳ್ಳಕ್ಕೂ ಹೊಲದಿಂದ ಇಳಿದ ಬೂದಿ ಬಣ್ಣದ ನೀರಿಗೂ ಭೇಟಿಯಾಗುತ್ತದೆ. ಭೇಟಿಯಾದ ಕೂಡಲೇ ಅವು ಬೆರೆಯುವುದಿಲ್ಲ; ಹೊಸ ಬೀಗರಂತೆ ಸ್ವಲ್ಪ ದೂರ ಜೊತೆಜೊತೆಗೆ, ಬೇರೆಬೇರೆಯಾಗಿಯೇ ಹೋಗುತ್ತವೆ. ಬಂಡೆಯೋ ಒಡ್ಡೋ ಅಡ್ಡ ಬಂದಾಗ ಕಲಸಿ ಒಂದಾಗುತ್ತವೆ.

"ಗೆರಿ ಅಳಸಬ್ಯಾಡೊ ತಮ್ಮಾ, ಅಲ್ಲೊಂದು ಬಾಂದಾರ ಕಟ್ಟು" ಅಂದೆ. ಕಟ್ಟಿದ. ಕೆಳಗೆ ನಾಲ್ಕು ಬಂಡೆ, ದಂಡೆಗೆ ಆಪು, ನೀರಿನ ಮೇಲೆ ಅರೆಪಾರದರ್ಶಕ ಕೆಸರಿನ ತೇಪೆಗಳು, ಒಡ್ಡಿನ ಹತ್ತಿರ ಒತ್ತೊತ್ತಾಗಿ, ಮುಂದೆ ವಿರಳವಾಗಿ. ದಂಡೆಯಲ್ಲಿ ಆಳ ಕಡಿಮೆ ಮಾಡಿದಾಗ ತಳದ ಮಣ್ಣೂ ಕಂಡಿತು. ಗೆರೆ ಒಡ್ಡಿನಡಿ ಸೇರಿಹೋಯಿತು. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯಕ್ಕೆ ಮಾತ್ರ ಆಟದ ನೀಲಿಯೇ ಒಪ್ಪಿತು, ನಾವು ಕೈ ಹಚ್ಚಲಿಲ್ಲ.

ಅವನ ಮಾಂಜ್ರಾ ಬೇಸಿಗೆಯಲ್ಲೂ ತುಂಬಿ ಹರಿಯುತ್ತದೆ. ನಮ್ಮ ಕಾಲಕ್ಕೆ ಆ ಹೊತ್ತಿನಲ್ಲಿ ಹೆಣ್ಣುಮಕ್ಕಳು ಮರಳಿನಲ್ಲಿ ಒರತೆ ತೋಡಿ, ಬಟ್ಟಲಿನಿಂದ ಮೊಗೆದು ಕೊಡ ತುಂಬುತ್ತಿದ್ದರು. ಅಷ್ಟು ತಿಳಿಯಾದ ನೀರನ್ನು ನಾನು ಮತ್ತೆ ಕುಡಿದಿಲ್ಲ. ಅದಕ್ಕೆ ಯಾವ ಬಣ್ಣ ಹಾಕಲಿ ಅಂತ ಹುಡುಗ ಕೇಳಿದರೆ ಏನು ಹೇಳುವುದು?

ನಿಮ್ಮ ಮನೆಯಲ್ಲೂ ಯಾರಾದರೂ ಬೀದರ್ ಕಟ್ಟುತ್ತಿದ್ದರೆ ಇಷ್ಟು ಹೇಳಿ: ಆಷಾಢದ ಮಾಂಜ್ರಾಕ್ಕೆ ನೀಲಿ ಬಳಿಯಬೇಡಿ, ಔರಾದದವರು ನಗುತ್ತಾರೆ.